ಶಿರಸಿಯ ಒಂದು ಆನ್‌ಲೈನ್ ಅಂಗಡಿ, ನಮ್ಮ ಮನೆಯ ಒಂದು ಗುರುತಿನ ಚೀಟಿ

ಶಿರಸಿಯ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ ಮತ್ತು ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಷ್ಟೇ ಹಿಡಿಸುವ ಒಂದು ಆನ್‌ಲೈನ್ ಸೇವಾ ಅಂಗಡಿಯಿದೆ. ಪಹಣಿ ತೆಗೆಸಲು, ಪಡಿತರ ಚೀಟಿ ತಿದ್ದಿಸಲು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಹಳ್ಳಿಗಳ ಜನ ಬರುವ ಇಂಥ ಅಂಗಡಿಗಳು ನಮ್ಮ ಪೇಟೆಯಲ್ಲಿ ಹತ್ತಾರಿವೆ. ನಾನು ಅಲ್ಲಿಗೆ ಹೋದದ್ದು, ಹುಟ್ಟಿದಾಗ ಗಂಡೆಂದು ಬರೆಸಿದ್ದ ನನ್ನ ತಮ್ಮನ ಮಗಳಿಗೆ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಮಾಡಿಸುವುದಕ್ಕೆ. ಅಲ್ಲಿಂದೀಚೆಗೆ ಎರಡು ವರ್ಷಗಳಲ್ಲಿ ಒಂದಲ್ಲ ಒಂದು ದಾಖಲೆಗಾಗಿ ಆರೇಳು ಸಲ ಆ ಮೆಟ್ಟಿಲು ಹತ್ತಿದ್ದೇನೆ. ಇದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಅವಳ ಹೆಸರು ಹಾಕುವುದಿಲ್ಲ. ಅಂಗಡಿಯ ಹೆಸರನ್ನೂ ಹಾಕುವುದಿಲ್ಲ, ಏಕೆಂದರೆ ಅಂಗಡಿಯವರೇ ಬೇಡವೆಂದರು. “ಹೆಸರು ಬಂದರೆ ನಮ್ಮಲ್ಲಿಗೆ ಬಂದವರನ್ನೆಲ್ಲ ಜನ ಇವರೂ ಅದೇ ಕೆಲಸಕ್ಕೆ ಬಂದವರು ಅಂತ ನೋಡ್ತಾರೆ ಅಕ್ಕೋರೇ, ಅವರಿಗೆ ತೊಂದರೆ” ಎಂದರು. ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಏನೆಂಬುದು ಅವರಿಗೆ ಗೊತ್ತಿದೆ ಎಂದು ನನಗೆ ಆ ಮಾತಿನಿಂದಲೇ ತಿಳಿಯಿತು.

ಅಲ್ಲಿಗೆ ಹೋಗುವ ಮುಂಚೆ, 2023ರ ಜುಲೈನಲ್ಲಿ, ನಾವು ಇನ್ನೊಂದು ಅಂಗಡಿಗೆ ಹೋಗಿದ್ದೆವು. ಅಲ್ಲಿದ್ದ ಹುಡುಗ ಅರ್ಜಿಯ ಪುಟ ತೆರೆದವನೇ, ಹಿಂದೆ ಎಂಟು ಜನ ಸಾಲಿನಲ್ಲಿ ನಿಂತಿರುವಾಗ, “ಇವರದ್ದು ಗಂಡಾ ಹೆಣ್ಣಾ? ಯಾವುದನ್ನು ಒತ್ತಲಿ?” ಎಂದು ದೊಡ್ಡ ದನಿಯಲ್ಲಿ ಕೇಳಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವೆಂದು ಈಗಲೂ ನಂಬುತ್ತೇನೆ. ಆದರೆ ಸಾಲಿನಲ್ಲಿದ್ದ ಎಂಟು ಮುಖಗಳೂ ಒಮ್ಮೆಲೇ ತಿರುಗಿದಾಗ ಅವಳು ಹಿಡಿದಿದ್ದ ಪ್ಲಾಸ್ಟಿಕ್ ಫೈಲಿನ ಅಂಚು ಬೆರಳಿಗೆ ಒತ್ತಿ ಕೆಂಪಾಗಿದ್ದನ್ನು ನಾನು ನೋಡಿದೆ. ಆ ಅವಸರದಲ್ಲಿ ಅವನು ಹೊಸ ಹೆಸರಿನ ಒಂದು ಅಕ್ಷರವನ್ನು ತಪ್ಪು ಒತ್ತಿದ್ದ. ಅಫಿಡವಿಟ್‌ನಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಎಂದಾಗಿ ಅರ್ಜಿ ತಿದ್ದುಪಡಿಗೆ ಮರಳಿ ಬಂದಿತು. ಮಳೆಗಾಲದ ಎರಡು ತಿಂಗಳು ಹೀಗೆ ಕಳೆದುಹೋದವು.

ಕೆಲಸ ಯಾವುದೆಂದು ಓದುವವರಿಗೆ ಸ್ವಲ್ಪ ವಿವರಿಸಬೇಕು. 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠವು, ತಾನು ಗಂಡು, ಹೆಣ್ಣು ಅಥವಾ ತೃತೀಯ ಲಿಂಗಿ ಎಂದು ಗುರುತಿಸಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದೂ, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿಸುವುದು ಕಾನೂನುಬಾಹಿರವೆಂದೂ ಹೇಳಿತು. ಸಂಸತ್ತು 2019ರಲ್ಲಿ ಮಾಡಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಯಮಗಳು ಬಂದವು. ನವೆಂಬರ್ 25ರಂದು ಅರ್ಜಿ ಹಾಕುವ ರಾಷ್ಟ್ರೀಯ ಪೋರ್ಟಲ್ ಬಂದಿತು. ಆಗ ಕೇಂದ್ರ ಸಾಮಾಜಿಕ ನ್ಯಾಯ ಸಚಿವರಾಗಿ ಅದನ್ನು ಉದ್ಘಾಟಿಸಿದ ಥಾವರ್‌ಚಂದ್ ಗೆಹ್ಲೋಟ್ ಅವರೇ ಮರುವರ್ಷ ನಮ್ಮ ರಾಜ್ಯದ ರಾಜ್ಯಪಾಲರಾದರು. 2023ರಲ್ಲಿ ನಾವು ಹಾಕಿದಾಗ ಅರ್ಜಿಯನ್ನು ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ಜಿಲ್ಲಾಧಿಕಾರಿಗಳಿಗೆ, ಸಲ್ಲಿಸಬೇಕಿತ್ತು, ಜೊತೆಗೆ ಒಂದು ಅಫಿಡವಿಟ್ ಕೊಡಬೇಕಿತ್ತು, ಮೂವತ್ತು ದಿನಗಳೊಳಗೆ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಸಿಗಬೇಕಿತ್ತು. ಆಗಿನ ನಿಯಮದಂತೆ ಇದಕ್ಕೆ ಯಾವ ವೈದ್ಯಕೀಯ ಪರೀಕ್ಷೆಯೂ ಇರಲಿಲ್ಲ, ಶುಲ್ಕವೂ ಇರಲಿಲ್ಲ.

ನಮ್ಮ ಜಿಲ್ಲಾ ಕೇಂದ್ರವಾದ ಕಾರವಾರ ಶಿರಸಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ, ಒಂದು ಸಹಿಗಾಗಿ ದಿನವೊಂದನ್ನು ಕಳೆದುಕೊಂಡು ರಾತ್ರಿ ಮನೆಗೆ ಮರಳುವ ಅನುಭವ ನಮ್ಮ ಘಟ್ಟದ ಮೇಲಿನವರಿಗೆಲ್ಲ ಇದೆ. ಘಟ್ಟದಲ್ಲಿ ಮಣ್ಣು ಕುಸಿದರೆ ಆ ದಾರಿಯೂ ಇಲ್ಲ. ಆದ್ದರಿಂದ ಈ ಅರ್ಜಿಯನ್ನು ಶಿರಸಿಯಲ್ಲೇ ಕುಳಿತು ಹಾಕಬಹುದು, ಪ್ರಮಾಣಪತ್ರವನ್ನು ಶಿರಸಿಯಲ್ಲೇ ತೆಗೆದುಕೊಳ್ಳಬಹುದು ಎಂಬುದು ಸಣ್ಣ ಅನುಕೂಲವಲ್ಲ. ಆದರೆ ಅರ್ಜಿಯನ್ನು ಸರಿಯಾಗಿ ತುಂಬಿಕೊಡುವವರು ಸಿಕ್ಕರೆ ಮಾತ್ರ ಆ ಅನುಕೂಲ ನಮ್ಮ ಕೈಗೆ ಬರುತ್ತದೆ.

ಎರಡನೆಯ ಅಂಗಡಿಗೆ ನಾವು ಸೆಪ್ಟೆಂಬರಿನಲ್ಲಿ, ಮಧ್ಯಾಹ್ನ ಊಟದ ಹೊತ್ತು ನೋಡಿಕೊಂಡು ಹೋದೆವು. ಅಂಗಡಿಯವರು ಕಾಗದಗಳನ್ನು ನೋಡಿ ಮೊದಲು ಕೇಳಿದ್ದು ಗಂಡೋ ಹೆಣ್ಣೋ ಎಂದಲ್ಲ; “ತಂಗೀ, ಹನ್ನೆರಡು ತಿಂಗಳಿಂದ ಈ ಜಿಲ್ಲೆಯಲ್ಲೇ ಇದ್ದೀರಾ?” ಎಂದು. ನಿಯಮ ಅದನ್ನು ಕೇಳುತ್ತಿತ್ತು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ 2022ರ ಜೂನಿನಲ್ಲಿ ಮನೆಗೆ ಮರಳಿದ ಅವಳ ವಿಷಯದಲ್ಲಿ ಅದು ಕೇಳಲೇಬೇಕಾದ ಪ್ರಶ್ನೆಯಾಗಿತ್ತು. ಆಮೇಲೆ ಅವರು ಮಾನಿಟರನ್ನು ಗೋಡೆಯ ಕಡೆ ತಿರುಗಿಸಿ, ಕೀಲಿಮಣೆಯನ್ನು ಅವಳ ಮುಂದೆ ಸರಿಸಿ, “ನೀವೇ ತುಂಬಿ, ಸಿಕ್ಕಿಹಾಕಿಕೊಂಡಲ್ಲಿ ಕರೆಯಿರಿ” ಎಂದು ಹೇಳಿ ಜೆರಾಕ್ಸ್ ಯಂತ್ರದ ಹತ್ತಿರ ಹೋದರು. ಹುಟ್ಟಿದಾಗ ಇಟ್ಟ ಹೆಸರು, ಈಗಿನ ಹೆಸರು, ಹುಟ್ಟಿನಲ್ಲಿ ಬರೆಸಿದ ಲಿಂಗ, ಈಗ ಬೇಕಾದದ್ದು: ಅವಳ ಬದುಕಿನ ಅತ್ಯಂತ ಒಳಗಿನ ಈ ನಾಲ್ಕು ಉತ್ತರಗಳನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಬೇಕಾಗಲಿಲ್ಲ.

ಅಫಿಡವಿಟ್ ಟೈಪು ಮಾಡಿದ್ದು ಮಾತ್ರ ಅವರೇ. ನಮ್ಮ ಕಂದಾಯ ಮತ್ತು ಕೋರ್ಟಿನ ಕಾಗದಗಳ ಭಾಷೆ ಗೊತ್ತಿದ್ದವರಿಗೆ ‘ಬಿನ್’ ಮತ್ತು ‘ಕೋಂ’ ಗೊತ್ತು. ಇಂಥವರ ಮಗನಾದರೆ ‘ಬಿನ್’, ಇಂಥವರ ಹೆಂಡತಿಯಾದರೆ ‘ಕೋಂ’. ಅವರ ಬೆರಳು ವರ್ಷಗಳ ರೂಢಿಯಂತೆ ಅವಳ ಹೆಸರಿನ ಮುಂದೆ ‘ಬಿನ್’ ಎಂದು ಒತ್ತಿತು. ಒತ್ತಿದ ಕೈ ಅಲ್ಲೇ ನಿಂತಿತು. ಅವರು ತಿರುಗಿ ನೋಡಲಿಲ್ಲ, ಕ್ಷಮೆ ಕೇಳಿ ದೊಡ್ಡದು ಮಾಡಲೂ ಇಲ್ಲ. ಅದನ್ನು ಅಳಿಸಿ, ತಮ್ಮನ ಹೆಸರಿನ ಮುಂದೆ ‘ಇವರ ಮಗಳು’ ಎಂದು ಬರೆದು ಮುಂದಿನ ಸಾಲಿಗೆ ಹೋದರು. ಕನ್ನಡದಲ್ಲಿ ಕರೆಯುವ ಮಾತೇ ಗಂಡು-ಹೆಣ್ಣು ನೋಡುತ್ತದೆ. ಬಾರೋ ಎಂದರೆ ಒಬ್ಬ, ಬಾರೇ ಎಂದರೆ ಒಬ್ಬಳು. ನಮ್ಮ ಹವ್ಯಕರ ಮನೆಗಳಲ್ಲಿ ಹುಡುಗ ಮಾಣಿ, ಹುಡುಗಿ ಕೂಸು. ಎಂಬತ್ತಮೂರು ವರ್ಷದ ನಮ್ಮ ಆಯಿಗೆ ಮಾಣಿಯಿಂದ ಕೂಸಿಗೆ ಬರುವುದಕ್ಕೆ ಒಂದು ವರ್ಷವೇ ಹಿಡಿಯಿತು. ಒಂದು ಬೆಳಿಗ್ಗೆ ಒಲೆಯ ಮುಂದಿನಿಂದ “ಕೂಸೇ, ಚಾ ಕುಡ್ಕಂಡು ಹೋಗೇ” ಎಂದು ಕರೆದಾಗ ಮನೆಯವರೆಲ್ಲ ಒಂದು ಗಳಿಗೆ ಸುಮ್ಮನಾಗಿದ್ದೆವು. ಪರಿಚಯವೇ ಇಲ್ಲದ ಅಂಗಡಿಯವರು ಅದೇ ದೂರವನ್ನು ಒಂದೇ ಸಾಲಿನಲ್ಲಿ ದಾಟಿದರು.

ಪ್ರಮಾಣಪತ್ರ ಇಪ್ಪತ್ತಾರನೆಯ ದಿನ ಬಂದಿತು. ಕಾರವಾರಕ್ಕೆ ಒಮ್ಮೆಯೂ ಹೋಗಬೇಕಾಗಲಿಲ್ಲ. ಅಂಗಡಿಯವರು ಅರ್ಜಿಗೆ ನೂರೈವತ್ತು, ಲ್ಯಾಮಿನೇಶನ್‌ಗೆ ಮೂವತ್ತು ರೂಪಾಯಿ ತೆಗೆದುಕೊಂಡರು. ಛಾಪಾ ಕಾಗದ ಮತ್ತು ನೋಟರಿಯ ಖರ್ಚು ಬೇರೆ. ನನ್ನ ಲೆಕ್ಕದಲ್ಲಿ ಇದು ನ್ಯಾಯವಾದ ದರ.

ನಿಜವಾಗಿ ನಾನು ಅವರಿಗೆ ಋಣಿಯಾದದ್ದು ನಾವು ಕೇಳದೆಯೇ ಅವರು ಮಾಡಿಕೊಟ್ಟ ಇನ್ನೊಂದು ಕೆಲಸಕ್ಕೆ. ಪ್ರಮಾಣಪತ್ರದ ಪ್ರತಿಗಳ ಹಿಂದೆ ಎರಡು ಹಾಳೆಗಳನ್ನು ಸೇರಿಸಿದ್ದರು. ಒಂದರಲ್ಲಿ ವೈದ್ಯಕೀಯ ಅಥವಾ ದೈಹಿಕ ಪರೀಕ್ಷೆ ಇಲ್ಲದೆಯೇ ಪ್ರಮಾಣಪತ್ರ ಕೊಡಬೇಕೆನ್ನುವ ಆಗಿನ ನಿಯಮ, ಇನ್ನೊಂದರಲ್ಲಿ ಈ ಪ್ರಮಾಣಪತ್ರದಂತೆಯೇ ಎಲ್ಲ ಅಧಿಕೃತ ದಾಖಲೆಗಳಲ್ಲೂ ಲಿಂಗತ್ವವನ್ನು ನಮೂದಿಸಬೇಕೆನ್ನುವ ಕಾಯ್ದೆಯ 6ನೆಯ ಕಲಮು. ಎರಡಕ್ಕೂ ಹಳದಿ ಪೆನ್ನಿನ ಗೆರೆ. ಅದು ಯಾಕೆಂದು ನನಗೆ ಆಗ ಅರ್ಥವಾಗಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಒಂದು ಬ್ಯಾಂಕಿನ ಶಾಖೆಯಲ್ಲಿ ಹೆಸರು ಬದಲಾಯಿಸಲು ಹೋದಾಗ ಕೌಂಟರಿನಲ್ಲಿದ್ದವರು “ಆಪರೇಷನ್ ಆಗಿದೆಯಾ?” ಎಂದು ಕೇಳಿದರು. ಅವಳು ಉತ್ತರಿಸದೆ ಆ ಎರಡು ಹಾಳೆಗಳನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಅವರು ಹಳದಿ ಗೆರೆ ಎಳೆದ ಸಾಲನ್ನು ಎರಡು ಬಾರಿ ಓದಿ, ಒಳಗೆ ಹೋಗಿ ಬಂದು, ಅರ್ಜಿ ತೆಗೆದುಕೊಂಡರು. ದೇಹದ ಬಗ್ಗೆ ಕೇಳಿದ ಪ್ರಶ್ನೆಗೆ ಕಾನೂನಿನ ಕಾಗದ ಉತ್ತರ ಕೊಟ್ಟಿತು. ಅವಳು ತನ್ನ ಕತೆಯನ್ನು ಆ ಕೌಂಟರಿನಲ್ಲಿ ಬಿಚ್ಚಿಡಬೇಕಾಗಲಿಲ್ಲ.

ದೋಷಗಳನ್ನೂ ಹೇಳಬೇಕು. ಸ್ಕ್ಯಾನ್ ಮಾಡಿದ ಆಧಾರ್, ಹಳೆಯ ಅಂಕಪಟ್ಟಿ, ಅಫಿಡವಿಟ್ ಇವೆಲ್ಲ ಕಂಪ್ಯೂಟರಿನ ಮುಖಪುಟದಲ್ಲೇ ಅವಳ ಹೆಸರಿನ ಫೋಲ್ಡರಿನಲ್ಲಿ ಉಳಿದಿದ್ದವು. ಎರಡನೆಯ ಸಲ ಹೋದಾಗ ನನ್ನ ಕಣ್ಣಿಗೇ ಬಿದ್ದವು. ಹೇಳಿದ ತಕ್ಷಣ ಅಳಿಸಿದರು, ಕಸದ ಬುಟ್ಟಿಯಿಂದಲೂ ತೆಗೆದರು. ಆದರೆ ಬೇರೆಯವರ ಹತ್ತಾರು ಫೋಲ್ಡರುಗಳು ಪಕ್ಕದಲ್ಲಿ ಹಾಗೆಯೇ ಇದ್ದವು. ಮಾನಿಟರನ್ನು ಗೋಡೆಗೆ ತಿರುಗಿಸುವಷ್ಟು ಸೂಕ್ಷ್ಮವಿರುವವರು ಇದನ್ನು ರೂಢಿಯಾಗಿ ಮಾಡಿಕೊಳ್ಳಲೇಬೇಕು, ಮತ್ತು ಇದನ್ನು ಅವರ ಎದುರಿಗೇ ಹೇಳಿದ್ದೇನೆ. ರಸೀದಿ ಕೊಡುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಯುಪಿಎಸ್ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬರುವುದಿಲ್ಲ. ಅರ್ಧ ತುಂಬಿದ ಅರ್ಜಿ ಒಮ್ಮೆ ಹಾಗೆಯೇ ಹೋಯಿತು.

ಚೀಟಿಯಿಂದ ಆದ ಉಪಯೋಗದಲ್ಲಿ ಮೊದಲು ನೆನಪಾಗುವುದು ಬಸ್ಸು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಆಧಾರ್ ತಿದ್ದುಪಡಿಯಾಗುವವರೆಗೆ ಅವಳು ಟಿಕೆಟ್ಟಿಗೆ ದುಡ್ಡು ಕೊಟ್ಟೇ ಓಡಾಡಿದ್ದಳು, ಹಳೆಯ ಹೆಸರು ಮತ್ತು ಹಳೆಯ ಫೋಟೊ ಇರುವ ಆಧಾರನ್ನು ತುಂಬಿದ ಬಸ್ಸಿನಲ್ಲಿ ತೆಗೆದು ತೋರಿಸುವ ಧೈರ್ಯವಿಲ್ಲದೆ. ನವೆಂಬರಿನ ಒಂದು ಸಂಜೆ ಹುಲೇಕಲ್ ಬಸ್ಸಿನಲ್ಲಿ ಮೊದಲ ಬಾರಿಗೆ ಹೊಸ ಚೀಟಿಯನ್ನು ತೋರಿಸಿದಾಗ ನಾನು ಪಕ್ಕದಲ್ಲಿದ್ದೆ. ಕಂಡಕ್ಟರು ಚೀಟಿ ನೋಡಿದರು, ಮುಖ ನೋಡಿದರು, ಶೂನ್ಯ ದರದ ಟಿಕೆಟ್ ಹರಿದುಕೊಟ್ಟು “ಮುಂದೆ ಸರೀರಿ, ಮುಂದೆ ಸರೀರಿ” ಎನ್ನುತ್ತ ಹೋದರು. ಅವಳು ಆ ಟಿಕೆಟನ್ನು ಇನ್ನೂ ಇಟ್ಟುಕೊಂಡಿದ್ದಾಳೆ.

ಅವಳಿಗೆ ಸರ್ಕಾರಿ ಕೆಲಸದ ಪರೀಕ್ಷೆ ಬರೆಯುವ ಆಸೆ. 2021ರಲ್ಲಿ ನೇಮಕಾತಿ ನಿಯಮಗಳನ್ನು ತಿದ್ದಿ ಈ ಸಮುದಾಯಕ್ಕೆ ಶೇ 1ರಷ್ಟು ಸಮತಲ ಮೀಸಲಾತಿ (ಪ್ರತಿಯೊಂದು ವರ್ಗದೊಳಗೂ ಸಿಗುವ ಪಾಲು) ಕೊಟ್ಟ ದೇಶದ ಮೊದಲ ರಾಜ್ಯ ಕರ್ನಾಟಕ. ಆದರೆ ದಾಖಲೆಗಳಲ್ಲೇ ಇಲ್ಲದ ಮನುಷ್ಯರಿಗೆ ಮೀಸಲಾತಿ ಮುಟ್ಟುವುದಿಲ್ಲ. 2011ರ ಜನಗಣತಿಯಲ್ಲಿ ಗಂಡು-ಹೆಣ್ಣಲ್ಲದೆ ‘ಇತರೆ’ ಎಂದು ಎಣಿಸಿದ್ದು ದೇಶದಲ್ಲಿ 4,87,803 ಮಂದಿಯನ್ನು, ಕರ್ನಾಟಕದಲ್ಲಿ 20,266 ಮಂದಿಯನ್ನು. ಆಗ ಮೂರನೆಯ ತರಗತಿಯಲ್ಲಿದ್ದ ನಮ್ಮ ಮಗು ಆ ಲೆಕ್ಕದಲ್ಲಿ ‘ಗಂಡು’ ಎಂದೇ ಸೇರಿದೆ, ಬರೆಸಿದವರು ನಾವೇ.

ಇಷ್ಟಾದ ಮೇಲೆ ಊರಿನ ಪ್ರಶ್ನೆಗಳಿಗೆ ಬರುತ್ತೇನೆ, ಏಕೆಂದರೆ ಈ ಸೇವೆ ಬೇಕೇ ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ನಮ್ಮ ಸ್ವಸಹಾಯ ಸಂಘದ ಗೆಳತಿಯೊಬ್ಬರು ನೇರವಾಗಿಯೇ ಕೇಳಿದರು: ಒಂದು ಅಫಿಡವಿಟ್ ಬರೆದುಕೊಟ್ಟರೆ ಸಾಕೆಂದಾದರೆ ನಾಳೆ ಯಾವ ಗಂಡಸೂ ಬರೆದುಕೊಟ್ಟು ಹೆಣ್ಣುಮಕ್ಕಳ ಹಾಸ್ಟೆಲಿಗೆ ಬರಬಹುದಲ್ಲ? ಇದನ್ನು ನಾನು ಕೆಟ್ಟ ಪ್ರಶ್ನೆ ಎನ್ನುವುದಿಲ್ಲ. ಇಪ್ಪತ್ತಾರು ವರ್ಷ ಶಿಕ್ಷಕಿಯಾಗಿದ್ದು, ಅದರಲ್ಲಿ ಒಂಬತ್ತು ವರ್ಷ ಹೆಣ್ಣುಮಕ್ಕಳ ವಸತಿ ನಿಲಯವನ್ನು ನೋಡಿಕೊಂಡವಳು ನಾನು. ರಾತ್ರಿ ಗೇಟಿನ ಬೀಗವನ್ನು ಎರಡು ಬಾರಿ ಎಳೆದು ನೋಡಿ ಮಲಗುವ ಅಭ್ಯಾಸ ಇನ್ನೂ ಹೋಗಿಲ್ಲ. ಆಗಿದ್ದ ಕಾನೂನಿನಂತೆ ಅವರಿಗೆ ನಾನು ಹೇಳಿದ್ದು ಇಷ್ಟು. ಈ ಅಫಿಡವಿಟ್ಟಿನಿಂದ ಸಿಗುವ ಪ್ರಮಾಣಪತ್ರದಲ್ಲಿ ‘ಹೆಣ್ಣು’ ಎಂದು ಬರೆದಿರುವುದಿಲ್ಲ, ‘ಟ್ರಾನ್ಸ್‌ಜೆಂಡರ್’ ಎಂದು ಬರೆದಿರುತ್ತದೆ. ಹೆಣ್ಣು ಅಥವಾ ಗಂಡು ಎಂದು ಬರೆಸಿಕೊಳ್ಳಬೇಕಾದರೆ 7ನೆಯ ಕಲಮಿನಂತೆ ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯ ಮುಖ್ಯಸ್ಥರ ಪತ್ರದೊಂದಿಗೆ ಮತ್ತೆ ಅರ್ಜಿ ಹಾಕಬೇಕು. ಸುಳ್ಳು ಅಫಿಡವಿಟ್ ಕೊಡುವುದು ಅಪರಾಧ. ಮತ್ತು ನನ್ನ ಒಂಬತ್ತು ವರ್ಷಗಳಲ್ಲಿ ಆ ಹೆಣ್ಣುಮಕ್ಕಳಿಗೆ ಕಾಟ ಕೊಟ್ಟವರಲ್ಲಿ ಒಬ್ಬನೂ ತಾನು ಹೆಣ್ಣೆಂದು ಹೇಳಿಕೊಂಡು ಬಂದವನಲ್ಲ. ಎಲ್ಲರೂ ಗಂಡಸರಾಗಿಯೇ ಬಂದಿದ್ದರು. ಹಾಸ್ಟೆಲು, ಆಟೋಟ, ಜೈಲು ಇವುಗಳ ವ್ಯವಸ್ಥೆ ಹೇಗಿರಬೇಕೆಂದು ಒಂದೊಂದನ್ನೂ ಬೇರೆಯಾಗಿ, ಸಂಬಂಧಪಟ್ಟವರನ್ನು ಕೂರಿಸಿಕೊಂಡು ಚರ್ಚಿಸಲಿ, ನನ್ನ ಅಡ್ಡಿಯಿಲ್ಲ. ಆ ಚರ್ಚೆ ಮುಗಿಯುವವರೆಗೆ ಒಬ್ಬ ಹುಡುಗಿ ಬ್ಯಾಂಕ್ ಪುಸ್ತಕವಿಲ್ಲದೆ ಇರಬೇಕೆನ್ನುವುದಕ್ಕೆ ಮಾತ್ರ ನನ್ನ ವಿರೋಧವಿದೆ.

2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಅಲ್ಲಿನ 2010ರ ಸಮಾನತಾ ಕಾಯ್ದೆಯಲ್ಲಿ ‘ಹೆಣ್ಣು’ ಎಂಬ ಪದದ ಅರ್ಥ ಜೈವಿಕ ಲಿಂಗದ್ದೇ ಎಂದು ತೀರ್ಪು ಕೊಟ್ಟಾಗ ವಾಟ್ಸ್‌ಆ್ಯಪ್‌ನಲ್ಲಿ ನನಗೆ ಅದನ್ನು ಐದು ಜನ ಕಳುಹಿಸಿದರು. ಅದು ಅಲ್ಲಿನ ಒಂದು ಕಾಯ್ದೆಯ ಪದಗಳ ವ್ಯಾಖ್ಯಾನ. ಲಿಂಗತ್ವ ಬದಲಾಯಿಸಿಕೊಂಡವರಿಗೆ ಅದೇ ಕಾಯ್ದೆಯಲ್ಲಿರುವ ತಾರತಮ್ಯ ವಿರೋಧಿ ರಕ್ಷಣೆ ಮುಂದುವರಿಯುತ್ತದೆ ಎಂದು ಅದೇ ತೀರ್ಪು ಹೇಳಿದೆ. ನಮ್ಮ ದೇಶದ 2014ರ ತೀರ್ಪು ನಿಂತಿರುವುದು ನಮ್ಮ ಸಂವಿಧಾನದ 14, 15, 16, 19 ಮತ್ತು 21ನೆಯ ವಿಧಿಗಳ ಮೇಲೆ. ಇನ್ನು ಕನ್ನಡದಲ್ಲಿ ನಮಗೆ ಎರಡು ಪದಗಳಿವೆ: ದೇಹದ್ದಕ್ಕೆ ಲಿಂಗ, ಬಾಳಿನದ್ದಕ್ಕೆ ಲಿಂಗತ್ವ. ಅರ್ಜಿ ನಮೂನೆಗಳಲ್ಲಿ ಮಾತ್ರ ಒಂದೇ ಕಾಲಮ್ಮು. ಎಷ್ಟೋ ಜಗಳ ಹುಟ್ಟುವುದು ಈ ಎರಡನ್ನು ಒಂದೇ ಮನೆಯಲ್ಲಿ ತುಂಬುವುದರಿಂದ.

ಯಕ್ಷಗಾನದ ನಾಡಿನವರಾದ ನಾವು ಗಂಡಸರ ಸ್ತ್ರೀವೇಷವನ್ನು ತಲೆತಲಾಂತರದಿಂದ ಮೆಚ್ಚಿದವರು. ಅದನ್ನು ನೆನಪಿಸಿ, “ಅವರೇನು ಚೀಟಿ ಕೇಳಿದರಾ?” ಎಂದವರಿದ್ದಾರೆ. ಸ್ತ್ರೀವೇಷದ ಕಲಾವಿದರು ಬೆಳಗಾಗುವಾಗ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿ ಮನೆಗೆ ಹೋಗುತ್ತಾರೆ, ಅವರ ಆಧಾರಿನಲ್ಲಿರುವುದು ಅವರದೇ ಹೆಸರು. ನನ್ನ ತಮ್ಮನ ಮಗಳು ವೇಷವೆಂದು ಹಾಕಿಕೊಂಡದ್ದು ಹುಡುಗರ ಶಾಲೆಯ ಸಮವಸ್ತ್ರವನ್ನು, ಅದೂ ಹತ್ತು ವರ್ಷ. ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಜೋಗತಿ ಮಂಜಮ್ಮನವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಪಡೆದಾಗ ಇದೇ ಊರು ಟಿವಿಯ ಮುಂದೆ ಕೂತು ಕಣ್ಣೊರೆಸಿಕೊಂಡಿತು. ಆ ಗೌರವದ ಒಂದು ಪಾಲು ಪಕ್ಕದ ಮನೆಯ ಮಗುವಿಗೂ ಸಿಗಲಿ ಎಂಬುದು ನನ್ನ ಪ್ರಾರ್ಥನೆ.

2019ರ ಕಾನೂನಿನ ಮೇಲೆಯೂ ನನಗೆ ಎರಡು ದೂರುಗಳಿವೆ. ತಾನು ಹೆಣ್ಣು ಎನ್ನುವವಳಿಗೆ ಶಸ್ತ್ರಚಿಕಿತ್ಸೆಯ ಕಾಗದ ತಾ ಎಂದು 7ನೆಯ ಕಲಮು ಕೇಳಿದ್ದು 2014ರ ತೀರ್ಪಿನಿಂದ ಹಿಂದೆ ಸರಿದದ್ದು. ಎರಡನೆಯದಾಗಿ, 18ನೆಯ ಕಲಮಿನಲ್ಲಿ ಈ ಜನರ ಮೇಲಿನ ಲೈಂಗಿಕ ದೌರ್ಜನ್ಯಕ್ಕೂ ಆರು ತಿಂಗಳಿಂದ ಎರಡು ವರ್ಷ ಮಾತ್ರ ಶಿಕ್ಷೆ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷವಿರುವ ದೇಶದಲ್ಲಿ ಈ ಅಳತೆ ನನಗೆ ಸಹಿಸಲಾಗದು.

ಉಳಿದಿರುವುದು ಜನನ ಪ್ರಮಾಣಪತ್ರ ಮತ್ತು ಅಂಕಪಟ್ಟಿ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಇಂಥವರಿಗೆ ಪರಿಷ್ಕೃತ ಜನನ ಪ್ರಮಾಣಪತ್ರ ಕೊಡಬೇಕೆಂದು ಆದೇಶಿಸಿದೆ. ಅದರಲ್ಲಿ ಹಳೆಯ ಮತ್ತು ಹೊಸ ಹೆಸರುಗಳೆರಡೂ ಇರುತ್ತವೆ. ಹಳೆಯ ಹೆಸರು ಮತ್ತೆ ಕಾಣುವುದು ಅವಳಿಗೆ ಇಷ್ಟವಿಲ್ಲ, ಆದರೂ ಅರ್ಜಿ ಹಾಕೋಣ ಅತ್ತೆ ಎಂದಿದ್ದಾಳೆ. ಆ ಆದೇಶದ ಪ್ರತಿಯನ್ನು ಅಂಗಡಿಯವರು ಆಗಲೇ ಮುದ್ರಿಸಿಟ್ಟಿದ್ದಾರೆ. ಈ ಸೇವೆಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಫೋಲ್ಡರುಗಳನ್ನು ಅಳಿಸುವ ರೂಢಿ ಮಾಡಿಕೊಂಡ ದಿನ ಐದನೆಯದೂ ಅವರದೇ. ಹೋಗುವವರು ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯೊಳಗೆ ಹೋಗಿ. ಆ ಹೊತ್ತಿನಲ್ಲಿ ಸಾಲು ಇರುವುದಿಲ್ಲ, ಅಂಗಡಿಯವರು ಬುತ್ತಿಯನ್ನು ಅಲ್ಲೇ ಉಣ್ಣುತ್ತಾರೆ, ಬಾಗಿಲು ಹಾಕುವುದಿಲ್ಲ.